ಮಾಥೇರಾನಿನ ಪುಟಾಣಿ ರೈಲು

ನೇರಳ್–ಮಾಥೇರಾನ್ ರೈಲುಮಾರ್ಗ ಹುಟ್ಟಿದ್ದು ಪ್ರವಾಸಿಗರಿಗಾಗಿ. ಬೆಟ್ಟ ನೋಡಲು ಬರುವವರನ್ನು ಹತ್ತಿಸಿ ಇಳಿಸಲೆಂದೇ ಒಂದು ವ್ಯಾಪಾರಿ ಕುಟುಂಬ ತನ್ನ ಹಣದಿಂದ ಇದನ್ನು ಕಟ್ಟಿಸಿತು. ಠಾಣೆ, ಡೊಂಬಿವಲಿ, ಕಲ್ಯಾಣದ ಜನ ಇಂದಿಗೂ ಕರ್ಜತ್ ಲೋಕಲ್‌ನಲ್ಲಿ ನೇರಳ್‌ಗೆ ಬಂದಿಳಿದು ಈ ಪುಟಾಣಿ ರೈಲು ಹತ್ತುತ್ತಾರೆ.

ಮಾಥೇರಾನ್ ಗಿರಿಧಾಮವಾದದ್ದಕ್ಕೂ ಠಾಣೆಗೂ ನಂಟಿದೆ. 1850ರಲ್ಲಿ ಠಾಣೆಯ ಕಲೆಕ್ಟರ್ ಆಗಿದ್ದ ಹ್ಯೂ ಪಾಯಿಂಟ್ಜ್ ಮ್ಯಾಲೆಟ್ ಈ ಬೆಟ್ಟವನ್ನು ಏರಿ, ಬೇಸಿಗೆಯ ವಾಸಕ್ಕೆ ಇದು ಒಳ್ಳೆಯ ಜಾಗವೆಂದು ಬ್ರಿಟಿಷರ ಗಮನಕ್ಕೆ ತಂದ. ಠಾಕೂರ್, ಕಾತಕರಿ ಸಮುದಾಯದವರಿಗೆ ಈ ಕಾಡು ಅದಕ್ಕೂ ಬಹಳ ಹಿಂದಿನಿಂದ ಪರಿಚಿತವಾಗಿತ್ತು. ಮಾಥೇರಾನಿನ ಕಥೆಯನ್ನು ಮ್ಯಾಲೆಟ್‌ನಿಂದಲೇ ಆರಂಭಿಸುವ ರೂಢಿ ಅವರಿಗೆ ನ್ಯಾಯ ಮಾಡುವುದಿಲ್ಲ. 1853ರಲ್ಲಿ ಮುಂಬಯಿಯ ಬೋರಿ ಬಂದರಿನಿಂದ ಠಾಣೆಗೆ, ಮರುವರ್ಷ ಕಲ್ಯಾಣಕ್ಕೆ ರೈಲು ಬಂತು. ಮುಂದೆ ಹಳಿ ನೇರಳ್ ದಾಟಿದಾಗ ಮುಂಬಯಿಯವರಿಗೆ ಬೆಟ್ಟದ ಬುಡ ಹತ್ತಿರವಾಯಿತು. ಅಲ್ಲಿಂದ ಮೇಲಕ್ಕೆ ಮಾತ್ರ ಕುದುರೆ, ಪಲ್ಲಕ್ಕಿ, ಇಲ್ಲವೇ ಕಾಲ್ನಡಿಗೆ.

ಈ ಕೊರತೆ ನೀಗಿಸಿದವರು ಮುಂಬಯಿಯ ದಾವೂದಿ ಬೋಹ್ರಾ ಸಮುದಾಯದ ಶ್ರೀಮಂತ ಸರ್ ಆದಮ್‌ಜೀ ಪೀರ್‌ಭಾಯ್. ಅವರು ಹಾಕಿದ ಬಂಡವಾಳ ಸುಮಾರು 16 ಲಕ್ಷ ರೂಪಾಯಿ. ಕೆಲಸದ ಹೊಣೆ ಹೊತ್ತವರು ಮಗ ಅಬ್ದುಲ್ ಹುಸೇನ್. 1904ರಲ್ಲಿ ಆರಂಭವಾದ ಕಾಮಗಾರಿ 1907ರಲ್ಲಿ ಮುಗಿದು ಸಂಚಾರ ಶುರುವಾಯಿತು.

ಈ ಮಾರ್ಗದ ನಿಜವಾದ ಹಿರಿಮೆ ಅದರ ಎಂಜಿನಿಯರಿಂಗ್‌ನಲ್ಲಿದೆ. ಹಳಿಗಳ ನಡುವಿನ ಅಂತರ ಬರೀ ಎರಡು ಅಡಿ. ಸುಮಾರು 20 ಕಿಲೋಮೀಟರ್ ದೂರದಲ್ಲಿ ರೈಲು ಸುಮಾರು 40 ಮೀಟರ್ ಎತ್ತರದಿಂದ 800 ಮೀಟರಿಗೆ ಏರಬೇಕು. ಕಡಿದಾದ ಕಡೆ ಪ್ರತಿ 20 ಅಡಿಗೆ ಒಂದಡಿ ಏರು. ಬೆಟ್ಟದ ಮೈಗೆ ಅಂಟಿದಂತೆ ಸಾಗುವ ದಾರಿ ಕುದುರೆ ಲಾಳದ ಆಕಾರದಲ್ಲಿ ಮತ್ತೆ ಮತ್ತೆ ಹಿಂತಿರುಗುತ್ತದೆ. ಇಷ್ಟು ಬಿಗಿಯಾದ ತಿರುವಿನಲ್ಲಿ ಸಾಮಾನ್ಯ ಎಂಜಿನ್ ಹಳಿ ಬಿಟ್ಟು ಇಳಿಯುವ ಭಯವಿತ್ತು. ಹಾಗಾಗಿ ಜರ್ಮನಿಯ ಓರೆನ್‌ಸ್ಟೈನ್ ಅಂಡ್ ಕೊಪ್ಪೆಲ್ ಕಂಪನಿಯಿಂದ ನಾಲ್ಕು ಉಗಿ ಎಂಜಿನ್‌ಗಳನ್ನು ತರಿಸಲಾಯಿತು. ಇವುಗಳ ಹಿಂದಿನ, ಮುಂದಿನ ಅಚ್ಚುಗಳು ತಿರುವಿಗೆ ತಕ್ಕಂತೆ ಪಕ್ಕಕ್ಕೆ ಹೊರಳಬಲ್ಲವು. ಏರಿನ ಮಧ್ಯದಲ್ಲಿ ಅವುಗಳಿಗೆ ನೀರು ತುಂಬಿಸುತ್ತಿದ್ದ ನಿಲ್ದಾಣಕ್ಕೆ ಇಂದಿಗೂ ವಾಟರ್ ಪೈಪ್ ಎಂದೇ ಹೆಸರು. 1950ರ ದಶಕದಲ್ಲಿ ಡೀಸೆಲ್ ಎಂಜಿನ್‌ಗಳು ಬಂದರೂ ಉಗಿ ಎಂಜಿನ್‌ಗಳು 1980ರ ದಶಕದ ಆರಂಭದವರೆಗೆ ದುಡಿದವು. ಒಂದನ್ನು ನೇರಳ್‌ನಲ್ಲಿ ಪ್ರದರ್ಶನಕ್ಕೆ ಇಡಲಾಗಿದೆ.

ಮಾರ್ಗ ಈಗ ಮಧ್ಯ ರೈಲ್ವೆಯ ಆಡಳಿತದಲ್ಲಿದೆ. ಮಳೆಗಾಲದಲ್ಲಿ ನೇರಳ್‌ನಿಂದ ಸಂಚಾರ ನಿಲ್ಲಿಸುವುದು ಹಳೆಯ ಪದ್ಧತಿ. 2005ರ ಜುಲೈ ಮಳೆ ಹಳಿಗಳನ್ನೇ ಕೊಚ್ಚಿಕೊಂಡು ಹೋಯಿತು. ದುರಸ್ತಿ ಮುಗಿದದ್ದು 2007ರಲ್ಲಿ. 2016ರಲ್ಲಿ ಬೋಗಿಗಳು ಹಳಿ ತಪ್ಪಿದ ಮೇಲೆ ಸೇವೆ ಕೆಲಕಾಲ ನಿಂತಿತು. 2019ರ ಮಳೆಯಿಂದಾದ ಹಾನಿಯನ್ನು ಸರಿಪಡಿಸಿ ಇಡೀ ಮಾರ್ಗವನ್ನು ಮತ್ತೆ ತೆರೆದದ್ದು 2022ರ ಅಕ್ಟೋಬರ್‌ನಲ್ಲಿ.

ಮಾಥೇರಾನ್ ಊರೊಳಗೆ ಖಾಸಗಿ ಮೋಟಾರು ವಾಹನಗಳಿಗೆ ಪ್ರವೇಶವಿಲ್ಲ. ಕಾರು, ಟ್ಯಾಕ್ಸಿಗಳೆಲ್ಲ ದಸ್ತೂರಿ ನಾಕಾದಲ್ಲೇ ನಿಲ್ಲಬೇಕು. ಅಲ್ಲಿಗೆ ಹತ್ತಿರದ ಅಮನ್ ಲಾಡ್ಜ್ ನಿಲ್ದಾಣದಿಂದ ಮಾಥೇರಾನ್‌ವರೆಗೆ ಓಡುವ ಶಟಲ್ ಗಾಡಿ ಪ್ರವಾಸಿಗರಷ್ಟೇ ಊರಿನ ನಿವಾಸಿಗಳಿಗೂ ಬೇಕಾದದ್ದು.