ಸಣ್ಣ ವ್ಯಾಪಾರಕ್ಕೊಂದು ಜಾಲತಾಣ: ಯೋಜನೆ, ನಿರ್ಮಾಣ, ರಕ್ಷಣೆ

ತುರೋರಿಯಂಥ ಗಡಿಗ್ರಾಮದ ವ್ಯಾಪಾರ ಎರಡು ಭಾಷೆಗಳಲ್ಲಿ ನಡೆಯುತ್ತದೆ. ಉಮರ್ಗಾ ಪೇಟೆಗೆ ಹೋದರೆ ಮರಾಠಿ, ಬಸವಕಲ್ಯಾಣ, ಆಳಂದದ ಕಡೆ ಹೊರಟರೆ ಕನ್ನಡ. ಕಡಕ್ ರೊಟ್ಟಿ, ಶೇಂಗಾ ಹಿಂಡಿ ಮಾಡಿ ಮಾರುವವರು, ಹೊಲಿಗೆಯವರು, ಪಂಪ್‌ಸೆಟ್ ರಿಪೇರಿಯವರು ನಮ್ಮ ಕನ್ನಡ ಶಾಲೆಗಳ ಪಾಲಕರಲ್ಲಿದ್ದಾರೆ. ಅವರಿಗೆ ಉಪಯೋಗವಾದೀತೆಂದು ಈ ಮಾಹಿತಿಯನ್ನು ಇಲ್ಲಿ ಒಟ್ಟುಗೂಡಿಸಿದ್ದೇವೆ.

ಮೊದಲು ಒಂದು ಹಾಳೆಯ ಮೇಲೆ ಬರೆಯಬೇಕು: ಏನು ಮಾರುತ್ತೇವೆ, ಯಾರಿಗೆ, ಯಾವ ಬೆಲೆಗೆ, ಹೇಗೆ ತಲುಪಿಸುತ್ತೇವೆ. ಇಷ್ಟು ಸ್ಪಷ್ಟವಾಗದೆ ಹಣ ಖರ್ಚು ಮಾಡಬಾರದು. ಊರಿನೊಳಗಿನ ಗಿರಾಕಿಗಳಷ್ಟೇ ಸಾಕೆನ್ನುವವರಿಗೆ ವಾಟ್ಸಾಪ್ ಬಿಸಿನೆಸ್ ಹಾಗೂ ಗೂಗಲ್ ನಕ್ಷೆಯಲ್ಲಿ ಅಂಗಡಿಯ ಗುರುತು ಸಾಕೆಂಬುದೇ ನಮ್ಮ ಅಭಿಪ್ರಾಯ. ಪುಣೆ, ಹೈದರಾಬಾದಿಗೆ ದುಡಿಯಲು ಹೋದ ನಮ್ಮವರಿಗೂ ಸರಕು ಕಳಿಸುವ ಯೋಚನೆಯಿದ್ದರೆ ಸ್ವಂತ ತಾಣ ಬೇಕಾಗುತ್ತದೆ.

ತಾಣಕ್ಕೆ ಎರಡು ಸಂಗತಿಗಳು ಬೇಕು: ವಿಳಾಸ, ಅಂದರೆ ಡೊಮೈನ್, ಮತ್ತು ಪುಟಗಳನ್ನಿಡುವ ಜಾಗ, ಅಂದರೆ ಹೋಸ್ಟಿಂಗ್. ಭಾರತದ ‘ಡಾಟ್ ಇನ್’ ವಿಳಾಸಗಳನ್ನು ನಿಕ್ಸಿ ಸಂಸ್ಥೆ ನಿರ್ವಹಿಸುತ್ತದೆ. 2005ರಿಂದ ಇವು ಸಾರ್ವಜನಿಕರಿಗೆ ಸುಲಭವಾಗಿ ದೊರೆಯುತ್ತಿವೆ. ಕನ್ನಡ ಲಿಪಿಯಲ್ಲೇ ‘.ಭಾರತ’ ಎಂದು ಮುಗಿಯುವ ವಿಳಾಸಗಳೂ ಇವೆ. ಆದರೆ ಎಲ್ಲ ಗಿರಾಕಿಗಳ ಮೊಬೈಲಿನಲ್ಲಿ ಕನ್ನಡ ಕೀಲಿಮಣೆ ಇರುವುದಿಲ್ಲವಾದ್ದರಿಂದ ಅದನ್ನು ಎರಡನೆಯ ವಿಳಾಸವಾಗಿ ಇಟ್ಟುಕೊಳ್ಳುವುದು ಲೇಸು. ನಾಲ್ಕೈದು ಪುಟಗಳ ತಾಣಕ್ಕೆ ಗೂಗಲ್ ಸೈಟ್ಸ್‌ನಂಥ ಉಚಿತ ಸೌಲಭ್ಯ ಸಾಲುತ್ತದೆ.

ಇಲ್ಲಿ ಒಂದು ಎಚ್ಚರಿಕೆ. ನಮ್ಮ ಪರಿಚಯದ ಕುಟುಂಬವೊಂದು ತಾಣ ಮಾಡಿಸಿತು. ಮಾಡಿಕೊಟ್ಟವರು ವಿಳಾಸವನ್ನು ತಮ್ಮ ಹೆಸರಿನಲ್ಲೇ ನೋಂದಾಯಿಸಿದ್ದರು. ಮರುವರ್ಷ ಅವರ ಫೋನು ಬಂದ್. ನವೀಕರಣವಾಗದೆ ವಿಳಾಸ ಕೈತಪ್ಪಿತು. ಪೊಟ್ಟಣಗಳ ಮೇಲೆಲ್ಲ ಅದೇ ವಿಳಾಸ ಅಚ್ಚಾಗಿತ್ತು! ಆದ್ದರಿಂದ ನೋಂದಣಿಯ ಹೆಸರು, ಇಮೇಲ್, ಮೊಬೈಲ್ ಸಂಖ್ಯೆ ಮೂರೂ ಮಾಲೀಕರದ್ದೇ ಆಗಿರಬೇಕು. ನವೀಕರಣದ ದಿನಾಂಕವನ್ನು ಗೋಡೆಯ ಪಂಚಾಂಗದಲ್ಲಿ ಗುರುತಿಸಿಡಬೇಕು.

ಕನ್ನಡ ಪಠ್ಯವನ್ನು ಯೂನಿಕೋಡ್‌ನಲ್ಲೇ ಬೆರಳಚ್ಚಿಸಬೇಕು. ನುಡಿ, ಬರಹ ತಂತ್ರಾಂಶಗಳ ಹಳೆಯ ಅಕ್ಷರಶೈಲಿಗಳಲ್ಲಿ ಬರೆದದ್ದು ಮುದ್ರಣಕ್ಕೆ ಚೆಂದ, ಜಾಲದಲ್ಲಿ ಮಾತ್ರ ಅರ್ಥವಿಲ್ಲದ ಚಿಹ್ನೆಗಳಾಗುತ್ತದೆ, ಹುಡುಕಿದರೂ ಸಿಗದು. ಬೆಲೆಪಟ್ಟಿಯನ್ನು ಚಿತ್ರವಾಗಿ ಅಂಟಿಸಿದರೂ ಇದೇ ಪಾಡು. ಕನ್ನಡಕ್ಕೊಂದು, ಮರಾಠಿಗೊಂದು ಪುಟ ಬೇರೆಬೇರೆ ಇರಲಿ. ಕನ್ನಡ ಪುಟವನ್ನು ಎಂಟು, ಒಂಬತ್ತನೆಯ ತರಗತಿಯ ಮಕ್ಕಳಿಂದ ಬರೆಯಿಸಿರಿ. ಕನ್ನಡ ಓದಿದರೆ ಏನು ಸಿಗುತ್ತದೆ ಎಂದು ಪ್ರವೇಶದ ದಿನಗಳಲ್ಲಿ ಕೇಳುವವರಿಗೆ ಮನೆಯಲ್ಲೇ ಒಂದು ಉತ್ತರ ದೊರೆಯುತ್ತದೆ. ಆಹಾರ ಪದಾರ್ಥ ಮಾರುವವರು ಎಫ್‌ಎಸ್‌ಎಸ್‌ಎಐನ 14 ಅಂಕಿಗಳ ಸಂಖ್ಯೆಯನ್ನೂ ಪುಟದಲ್ಲಿ ಕಾಣಿಸುವುದು ಒಳ್ಳೆಯದು.

ಇನ್ನು ರಕ್ಷಣೆ. ವಿಳಾಸದ ಮೊದಲಿಗೆ ‘ಎಚ್‌ಟಿಟಿಪಿಎಸ್’ ಇರಬೇಕು. ಇದಕ್ಕೆ ಬೇಕಾದ ಪ್ರಮಾಣಪತ್ರವನ್ನು ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆ ಉಚಿತವಾಗಿ ಕೊಡುತ್ತದೆ, ಹಣ ಕೇಳುವವರನ್ನು ಪ್ರಶ್ನಿಸಿರಿ. ವರ್ಡ್‌ಪ್ರೆಸ್ ಬಳಸುವವರು ಅದನ್ನೂ ಅದರ ಪ್ಲಗಿನ್‌ಗಳನ್ನೂ ಕಾಲಕಾಲಕ್ಕೆ ನವೀಕರಿಸಲೇಬೇಕು, ಕಳ್ಳರು ಹೆಚ್ಚಾಗಿ ನುಗ್ಗುವುದು ಹಳೆಯ ಪ್ಲಗಿನ್‌ಗಳ ಮೂಲಕ. ಪಾಸ್‌ವರ್ಡ್ ಉದ್ದವಾಗಿರಲಿ, ಇಮೇಲಿಗೆ ಎರಡು ಹಂತದ ಪರಿಶೀಲನೆ ಇರಲಿ. ತಿಂಗಳಿಗೊಮ್ಮೆ ಇಡೀ ತಾಣದ ಪ್ರತಿಯನ್ನು ಪೆನ್‌ಡ್ರೈವಿಗೆ ತೆಗೆದಿಡಿರಿ. ಗಿರಾಕಿಗಳ ಫೋನ್ ಸಂಖ್ಯೆಗಳನ್ನು ಬೇರೆಯವರಿಗೆ ಕೊಡಕೂಡದು. ವೈಯಕ್ತಿಕ ಮಾಹಿತಿಯ ರಕ್ಷಣೆಗೆ 2023ರಲ್ಲಿ ಕಾಯ್ದೆಯೇ ಆಗಿದೆ.

ದೊಡ್ಡ ಆರ್ಡರ್ ಕೊಡುವೆವೆಂದು ಹೇಳಿ, ಹಣ ಕಳಿಸಲು ಕ್ಯೂಆರ್ ಸಂಕೇತ ಸ್ಕ್ಯಾನ್ ಮಾಡಿ ಪಿನ್ ಒತ್ತಿರಿ ಎನ್ನುವವರು ವಂಚಕರು. ಯುಪಿಐಯಲ್ಲಿ ಹಣ ಪಡೆಯಲು ಪಿನ್ ಬೇಕಿಲ್ಲ. ಮೋಸವಾದ ಕೂಡಲೇ, ತಡಮಾಡದೆ, 1930ಕ್ಕೆ ಕರೆಮಾಡಿರಿ. ಹಣ ಮುಂದಿನ ಖಾತೆಗಳಿಗೆ ಸಾಗುವ ಮುನ್ನ ತಡೆಯುವ ಅವಕಾಶ ಮೊದಲ ಗಂಟೆಗಳಲ್ಲೇ ಹೆಚ್ಚು.