ಊರು ಖಾಲಿಯಾದ ಮೇಲೂ ಹಾಡಿದ ಹಕ್ಕಿ

ಹಿಮಾಲಯದ ಕಡೆ ಚಾರಣಕ್ಕೆ ಹೋದವರು ರೆನ್ ಹಕ್ಕಿಯನ್ನು ನೋಡಿರಬಹುದು. ಗುಬ್ಬಿಗಿಂತ ಚಿಕ್ಕದು, ಕಂದು ಮೈ, ಸದಾ ಮೇಲಕ್ಕೆತ್ತಿದ ಮೋಟು ಬಾಲ. ಇದರ ದಾಯಾದಿಯೊಂದು ಸ್ಕಾಟ್ಲೆಂಡಿನ ಪಶ್ಚಿಮಕ್ಕೆ, ಅಟ್ಲಾಂಟಿಕ್ ನಡುವಿನ ಸೇಂಟ್ ಕಿಲ್ಡಾ ದ್ವೀಪಗಳಲ್ಲಿದೆ. ಅದಕ್ಕಾಗಿ ಬ್ರಿಟಿಷ್ ಪಾರ್ಲಿಮೆಂಟು ಒಂದು ಕಾನೂನನ್ನೇ ಮಾಡಿತ್ತು.

ಅಲ್ಲಿನ ಜನ ಬದುಕಿದ್ದೇ ಕಡಲಹಕ್ಕಿಗಳ ಮೇಲೆ. ಅವುಗಳ ಮಾಂಸ, ಮೊಟ್ಟೆ, ಎಣ್ಣೆ ಎಲ್ಲವೂ ಬೇಕಿತ್ತು. ಗೇಣಿಗೂ ಪುಕ್ಕವನ್ನೇ ಕೊಡುತ್ತಿದ್ದರು. ಅದಕ್ಕೇ 1880ರ ಪಕ್ಷಿ ಸಂರಕ್ಷಣಾ ಕಾನೂನು ಈ ದ್ವೀಪಗಳಿಗೆ ವಿನಾಯಿತಿ ಕೊಟ್ಟಿತು. ರೆನ್‌ನ ತಂಟೆಗೆ ಯಾರೂ ಹೋಗಬೇಕಿರಲಿಲ್ಲ. ಹದಿನೈದು ಗ್ರಾಂ ತೂಗದ ಹಕ್ಕಿಯಲ್ಲಿ ತಿನ್ನಲು ಏನಿದೆ?

1884ರಲ್ಲಿ ಹೆನ್ರಿ ಸೀಬೋಮ್ ಇದಕ್ಕೆ ಬೇರೆಯೇ ವೈಜ್ಞಾನಿಕ ಹೆಸರಿಟ್ಟ. ಒಳನಾಡಿನ ರೆನ್‌ಗಿಂತ ದೊಡ್ಡದು, ಬಣ್ಣ ಹೆಚ್ಚು ಬೂದು, ಮೈಮೇಲೆ ಎದ್ದು ಕಾಣುವ ಅಡ್ಡಪಟ್ಟೆ, ಬಲವಾದ ಕೊಕ್ಕು ಮತ್ತು ಕಾಲು. ಹೆಸರು ಬಂದದ್ದೇ ತಡ, ಸಂಗ್ರಾಹಕರು ಮೊಟ್ಟೆಗೂ ಚರ್ಮಕ್ಕೂ ದುಡ್ಡು ಕೊಡತೊಡಗಿದರು. ಹಕ್ಕಿ ಅಳಿದೇಹೋಗುತ್ತದೆಂಬ ಕೂಗೆದ್ದು, 1904ರಲ್ಲಿ ರೆನ್ ಮತ್ತು ಕವಲುಬಾಲದ ಪೆಟ್ರೆಲ್ ಎರಡಕ್ಕೆ ಮಾತ್ರ ಆ ವಿನಾಯಿತಿ ತೆಗೆದರು. ವಿಜ್ಞಾನ ಹಚ್ಚಿದ ಬೆಂಕಿಯನ್ನು ಕಾನೂನು ಆರಿಸಬೇಕಾಯಿತು ಎಂದು ನನಗನ್ನಿಸುತ್ತದೆ.

1930ರ ಆಗಸ್ಟ್ 29ರಂದು ಉಳಿದಿದ್ದ 36 ಜನರೂ ದ್ವೀಪ ಬಿಟ್ಟರು. ಮನೆಗಳಲ್ಲಿದ್ದ ಇಲಿಜಾತಿಯೊಂದು ಕೆಲವೇ ವರ್ಷಗಳಲ್ಲಿ ಅಳಿಯಿತು. ರೆನ್ ಕೂಡ ಹಳ್ಳಿಯ ಕಲ್ಲುಗೋಡೆಗಳಲ್ಲಿ, ಹಕ್ಕಿಮಾಂಸ ಒಣಗಿಸುತ್ತಿದ್ದ ಕಲ್ಲುಗೂಡುಗಳಲ್ಲಿ ಗೂಡು ಕಟ್ಟುತ್ತಿದ್ದುದು. ಅದರ ಗತಿ?

ಮರುವರ್ಷವೇ ಆಕ್ಸ್‌ಫರ್ಡ್, ಕೇಂಬ್ರಿಜ್‌ನ ಯುವಕರ ತಂಡ ಅಲ್ಲಿಗೆ ಹೋಯಿತು. ಟಾಮ್ ಹ್ಯಾರಿಸನ್ ಮತ್ತು ಜಾನ್ ಬುಕನ್ ರೆನ್‌ನ ಸಂಖ್ಯೆ, ಗಡಿ, ಆಹಾರಗಳನ್ನು ಹಿಡಿದು ಅಧ್ಯಯನ ಮಾಡಿದರು. (ಇದೇ ಹ್ಯಾರಿಸನ್ ಮುಂದೆ ಇಂಗ್ಲೆಂಡಿನ ಸಾಮಾನ್ಯ ಜನರ ದಿನಚರಿಯನ್ನೇ ಹಕ್ಕಿ ನೋಡಿದಂತೆ ನೋಡಿ ದಾಖಲಿಸುವ ಕೆಲಸಕ್ಕಿಳಿದ.) ಬಂಡೆಯ ಸಂದಿಯಲ್ಲಿ ನುಸುಳುವ ಇಂಥ ಹಕ್ಕಿಯನ್ನು ಕಣ್ಣಿಗಿಂತ ಕಿವಿಯಿಂದ ಹುಡುಕುವುದು ಸುಲಭ. ಗಾಳಿ, ಅಲೆ, ಕಡಲಹಕ್ಕಿಗಳ ಗದ್ದಲದ ನಡುವೆಯೂ ಗಂಡಿನ ಹಾಡು ಕೇಳಿಸುತ್ತದೆ. ಹಾಡುವ ಗಂಡುಗಳನ್ನು ಎಣಿಸಿದರೆ ಜೋಡಿಗಳ ಅಂದಾಜು ಸಿಗುತ್ತದೆ.

1957ರಲ್ಲಿ ಕೆನೆತ್ ವಿಲಿಯಮ್ಸನ್ ಎಣಿಸಿದಾಗ ದ್ವೀಪಗಳಲ್ಲೆಲ್ಲ ಸೇರಿ ಸುಮಾರು 230 ಜೋಡಿಗಳಿದ್ದವು. ಹಳ್ಳಿಯ ಸುತ್ತ ಇದ್ದದ್ದು ಕೆಲವೇ. ಉಳಿದವು ಪಫಿನ್‌ಗಳು ಬಿಲ ತೋಡುವ ಕಡಿದಾದ ಕಡಲಂಚಿನ ಇಳಿಜಾರುಗಳಲ್ಲಿ ಹುಳ ಹೆಕ್ಕುತ್ತಿದ್ದವು.