ಡಿಮೆನ್ಷಿಯಾ ಇರುವ ಹಿರಿಯರ ಜೊತೆ ಮೆಜೆಸ್ಟಿಕ್ ದಾಟುವುದು ಹೇಗೆ? ಮನೆಯವರಿಗೆ ಗೊತ್ತಿರಬೇಕಾದ ವಿಷಯಗಳು

ಬೆಂಗಳೂರು: ಮರೆವಿನ ಕಾಯಿಲೆ ಬಂದು, ನಡೆಯೋದಕ್ಕೂ ಕಷ್ಟವಾದ ಮೇಲೆ ಎಷ್ಟೋ ಮನೆಗಳಲ್ಲಿ ಹಿರಿಯರನ್ನು ಗೇಟಿನ ಒಳಗೇ ಕೂರಿಸಿಬಿಡ್ತಾರೆ. ದೇಶದಲ್ಲಿ 60 ದಾಟಿದವರ ಪೈಕಿ ಶೇ 7.4ರಷ್ಟು, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಷಿಯಾ ಇದೆ ಎಂದು 2023ರಲ್ಲಿ ಪ್ರಕಟವಾದ ಅಧ್ಯಯನ ಅಂದಾಜಿಸಿದೆ. ಇವರಿಗೂ ಗಾಳಿ, ಬೆಳಕು, ನಾಲ್ಕು ಜನರ ಮುಖ ಬೇಕು. ಹೊರಗೆ ಹೋಗಿ ಬಂದ ದಿನ ನಿದ್ದೆ ಚೆನ್ನಾಗಿ ಬರೋದೂ ಉಂಟು. ಆದರೆ ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆ ಕಡೆಯವರಿಗೆ ದಾರಿಯಲ್ಲಿ ಮೆಜೆಸ್ಟಿಕ್ ಸಿಗುತ್ತೆ. ಅಲ್ಲಿ ಸ್ವಲ್ಪ ಎಚ್ಚರ ಬೇಕು.

ಯಾವಾಗ, ಎಷ್ಟು ಹೊತ್ತು?

ಬೆಳಗ್ಗೆ ತಿಂಡಿ ಆದ ಮೇಲೆ, ಆಫೀಸಿನ ರಶ್ ಇಳಿದಾಗ ಹೊರಡಿ. ಸಂಜೆ ಬೇಡ. ಈ ಕಾಯಿಲೆಯಲ್ಲಿ ಹೊತ್ತು ಇಳೀತಿದ್ದ ಹಾಗೆ ಗೊಂದಲ, ಸಿಟ್ಟು ಹೆಚ್ಚಾಗೋದು ಸಾಮಾನ್ಯ. ಒಂದು ದಿನಕ್ಕೆ ಒಂದೇ ಜಾಗ, ಹೋಗಿ ಬರೋದು ಸೇರಿ ಎರಡು ಗಂಟೆ ಸಾಕು. ಹೊರಡೋ ಮುಂಚೆ ಶೌಚಾಲಯಕ್ಕೆ ಕರ್ಕೊಂಡು ಹೋಗಿ. ಅಮ್ಮನನ್ನು ಮಗ ಕರ್ಕೊಂಡು ಹೋಗೋದಾದ್ರೆ ಜೊತೆಗೆ ಒಬ್ಬ ಹೆಂಗಸು ಇರಲಿ, ಶೌಚಾಲಯದ ಬಾಗಿಲಲ್ಲಿ ಮಗನೇ ನಿಂತುಬಿಡಬೇಕಾಗುತ್ತೆ. ನೀರು, ಮಾತ್ರೆ, ಒಂದು ಜೊತೆ ಬಟ್ಟೆ ಬ್ಯಾಗಲ್ಲಿರಲಿ.

ಮೆಟ್ರೋದಲ್ಲಿ

ಬಸ್ಸಿನ ಎತ್ತರದ ಮೆಟ್ಟಿಲಿಗಿಂತ ಮೆಟ್ರೋ ವಾಸಿ. ಆದರೆ ಎಲ್ಲ ಗೇಟಲ್ಲೂ ಲಿಫ್ಟ್ ಇರಲ್ಲ. ಲಿಫ್ಟ್ ಇರುವ ಗೇಟ್ ಯಾವುದೆಂದು ಹಿಂದಿನ ದಿನವೇ ನೋಡಿಕೊಂಡು ಆಟೋ ಅಲ್ಲಿಯೇ ನಿಲ್ಲಿಸಿ. ವೀಲ್‌ಚೇರ್ ಬೇಕಿದ್ದರೆ ನಿಲ್ದಾಣದ ಸಿಬ್ಬಂದಿಯನ್ನು ಕೇಳಿ. ಎಸ್ಕಲೇಟರ್ ಬೇಡವೇ ಬೇಡ, ಓಡೋ ಮೆಟ್ಟಿಲು ಕಂಡರೆ ಇವರು ಮಧ್ಯದಲ್ಲೇ ನಿಂತುಬಿಡ್ತಾರೆ. ನೆಲದ ಕಪ್ಪು ಮ್ಯಾಟ್ ಕೂಡ ಕೆಲವರ ಕಣ್ಣಿಗೆ ಗುಂಡಿ ಥರ ಕಾಣುತ್ತೆ. ಎಳೀಬೇಡಿ, ಪಕ್ಕದಿಂದ ಸುತ್ತಿಸಿ.

ಮೆಜೆಸ್ಟಿಕ್‌ನಲ್ಲಿ ನೇರಳೆ ಮತ್ತು ಹಸಿರು ಮಾರ್ಗಗಳು ಬೇರೆ ಬೇರೆ ಮಹಡಿಯಲ್ಲಿವೆ. ಆದಷ್ಟು ಒಂದೇ ಮಾರ್ಗದಲ್ಲಿ ಮುಗಿಯುವ ಪ್ರಯಾಣ ಆರಿಸಿ. ಇಳಿಜಾರಿನಲ್ಲಿ ವೀಲ್‌ಚೇರನ್ನು ಹಿಮ್ಮುಖವಾಗಿ ಇಳಿಸಿ.

ಎಲ್ಲಿಗೆ ಹೋಗಬಹುದು?

ಲಾಲ್‌ಬಾಗ್: ಮೆಜೆಸ್ಟಿಕ್‌ನಿಂದ ಹಸಿರು ಮಾರ್ಗದಲ್ಲಿ ನಾಲ್ಕನೇ ನಿಲ್ದಾಣ, ಪಶ್ಚಿಮ ದ್ವಾರದ ಹತ್ತಿರವೇ ಇದೆ. ಒಳಗೆ ಬ್ಯಾಟರಿ ಗಾಡಿ ಓಡುತ್ತೆ. ಬಂಡೆ ಹತ್ತಿಸೋ ಆಸೆ ಬೇಡ. ಜನವರಿ, ಆಗಸ್ಟ್‌ನ ಫ್ಲವರ್ ಶೋ ದಿನಗಳನ್ನು ಬಿಟ್ಟುಬಿಡಿ.

ಬಸವನಗುಡಿ: ದೊಡ್ಡ ಬಸವಣ್ಣನ ಗುಡಿಗೆ ಮೆಟ್ಟಿಲಿದೆ. ಗಾಡಿಯಲ್ಲೇ ಕೂತು ಗೋಪುರಕ್ಕೆ ಕೈ ಮುಗಿದರೂ ನಡೆಯುತ್ತೆ. ಕಾರ್ತಿಕದ ಕೊನೆ ಸೋಮವಾರದ ಕಡಲೆಕಾಯಿ ಪರಿಷೆಯ ನೂಕುನುಗ್ಗಲಿಗೆ ಒಯ್ಯಬೇಡಿ. ಕಾಯಿಲೆ ಮುಂದುವರಿದವರಿಗೆ ನುಂಗೋದೂ ಕಷ್ಟ, ಕಡಲೆಕಾಯಿ ಗಂಟಲಲ್ಲಿ ಸಿಕ್ಕಿಕೊಳ್ಳಬಹುದು.

ಗಾಂಧಿನಗರ: ಹಳೇ ಸಿನಿಮಾ ಪ್ರಿಯರು ‘ಕಪಾಲಿ ಥಿಯೇಟರ್ ತೋರಿಸು’ ಅನ್ನಬಹುದು. ಅದನ್ನು ಕೆಡವಿ ಆಯ್ತು ಅಂತ ವಾದಕ್ಕಿಳಿಯಬೇಡಿ. ‘ಅಲ್ಲಿ ಯಾವ ಪಿಕ್ಚರ್ ನೋಡಿದ್ರಿ?’ ಅಂತ ಕೇಳಿ, ಮಾತು ಮುಂದುವರಿಯುತ್ತೆ.

‘ಊರಿಗೆ ಹೋಗಬೇಕು’ ಅಂದರೆ

ಮೆಜೆಸ್ಟಿಕ್‌ನ ನಿಜವಾದ ಅಪಾಯ ಇದು. ವಯಸ್ಸಾದವರ ನೆನಪಲ್ಲಿ ಮೆಜೆಸ್ಟಿಕ್ ಅಂದ್ರೆ ಊರಿನ ಬಸ್ ಹತ್ತೋ ಜಾಗ. ಬೋರ್ಡ್, ಕಂಡಕ್ಟರ್ ಕೂಗು ಕಿವಿಗೆ ಬಿದ್ದರೆ ಕಾಲು ಆ ಕಡೆ ಹೋಗುತ್ತೆ. ಕೋಲು ಹಿಡಿದವರೂ ಕ್ಷಣದಲ್ಲಿ ಕಣ್ಮರೆಯಾಗಬಹುದು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸರ್ಕಾರಿ ಸಾಮಾನ್ಯ ಬಸ್ ಉಚಿತ. ಹಾಗಾಗಿ ‘ಅಜ್ಜಿ ಕೈಲಿ ದುಡ್ಡಿಲ್ಲ, ಎಲ್ಲಿ ಹೋಗ್ತಾರೆ’ ಅಂತ ನಂಬಿ ಟಿಕೆಟ್ ಕ್ಯೂಗೆ ಹೋಗಬೇಡಿ. ಇಬ್ಬರು ಜೊತೆಗಿರಿ, ಒಬ್ಬರ ಕೈ ಯಾವಾಗಲೂ ಅವರ ಕೈಯಲ್ಲಿರಲಿ. ‘ಊರಲ್ಲಿ ಯಾರೂ ಇಲ್ಲ’ ಅನ್ನೋದಕ್ಕಿಂತ ‘ಕಾಫಿ ಕುಡಿದು ಹೋಗೋಣ’ ಅನ್ನೋದು ಕೆಲಸ ಮಾಡುತ್ತೆ.

ಹೊರಡುವ ಮುನ್ನ ಮೂರು ಕೆಲಸ

* ಆ ದಿನದ ಬಟ್ಟೆಯಲ್ಲೇ ಮೊಬೈಲ್‌ನಲ್ಲಿ ಒಂದು ಫೋಟೋ ತೆಗೆಯಿರಿ.
* ಹೆಸರು, ಮನೆಯವರ ಎರಡು ಫೋನ್ ನಂಬರ್ ಕನ್ನಡದಲ್ಲಿ ಬರೆದ ಚೀಟಿ ಒಳಜೇಬಿಗೆ ಪಿನ್ ಮಾಡಿ.
* ಯಾವ ಊರಿನ ಹೆಸರು ಪದೇ ಪದೇ ಹೇಳ್ತಾರೆ ಅನ್ನೋದು ಜೊತೆಗಿರುವ ಎಲ್ಲರಿಗೂ ಗೊತ್ತಿರಲಿ.

ಕಾಣದಿದ್ದರೆ

ತಕ್ಷಣ 112ಕ್ಕೆ ಕರೆ ಮಾಡಿ. ಪಕ್ಕದಲ್ಲೇ ಉಪ್ಪಾರಪೇಟೆ ಪೊಲೀಸ್ ಠಾಣೆ ಇದೆ. 24 ಗಂಟೆ ಕಾಯಬೇಕು ಅನ್ನೋದು ತಪ್ಪು ಕಲ್ಪನೆ. ಒಬ್ಬರು ಕಡೆಯದಾಗಿ ನೋಡಿದ ಜಾಗದಲ್ಲೇ ನಿಲ್ಲಿ, ಇನ್ನೊಬ್ಬರು ಅವರ ಊರಿನ ಬಸ್ ನಿಲ್ಲುವ ಪ್ಲಾಟ್‌ಫಾರಂಗೆ ಓಡಿ, ಕಂಡಕ್ಟರ್‌ಗಳಿಗೆ ಫೋಟೋ ತೋರಿಸಿ.

ಸಲಹೆ, ನೆರವಿಗೆ ಹಿರಿಯರ ಸಹಾಯವಾಣಿ 14567 ಇದೆ, ಬೆಂಗಳೂರಿನಲ್ಲಿ 1090 ಕೂಡ ಇದೆ. ಕಾಯಿಲೆಯ ತಪಾಸಣೆ, ಚಿಕಿತ್ಸೆಗೆ ಹೊಸೂರು ರಸ್ತೆಯ ನಿಮ್ಹಾನ್ಸ್‌ಗೆ ಹೋಗಬಹುದು.